ಬಿಚ್ಚದ ಕಸೆ

ಒದ್ದೆ ಮಖಮಲ್ಲಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ನಿಮಗೂ ನೆನಪಿರಬಹುದು. ಕೆಂಡದ ಬಿಸಿ, ಹಳೆಯ ಬೆವರು, ಜರಿಯ ಕಮಟು ಎಲ್ಲ ಸೇರಿದ ಅದು ಮೂಗಿಗೆ ತಾಗಿದರೆ ಇಂದಿಗೂ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಶೃಂಗೇರಿಯ ದೊಡ್ಡಪ್ಪನ ಮನೆಯ ಮುಂಗೋಣೆಯಲ್ಲಿ ಸದಾ ಅದೇ ವಾಸನೆ. ಸುತ್ತಲಿನ ಊರುಗಳ ನಾಟಕದ ರಾಜರು, ದಳವಾಯಿಗಳು ಅಲ್ಲಿಗೇ ಬಂದು ಅಳತೆ ಕೊಡುತ್ತಿದ್ದರು. ದೊಡ್ಡಪ್ಪ ಯಾರನ್ನೂ ಕೈ ಇಳಿಬಿಟ್ಟು ನಿಲ್ಲಿಸಿ ಅಳೆಯುತ್ತಿರಲಿಲ್ಲ. "ಕತ್ತಿ ಎತ್ತು ನೋಡುವ" ಎಂದು ತೋಳೆತ್ತಿಸಿ, ಕಂಕುಳಿನಿಂದ ಸೊಂಟಕ್ಕೆ ಟೇಪು ಹಿಡಿಯುತ್ತಿದ್ದರು. ಹನ್ನೆರಡು ವರ್ಷದ ನಾನು ಅಂಕಿ ಬರೆದುಕೊಳ್ಳುತ್ತ, ಎತ್ತಿದ ತೋಳಿಗೆ ಬಿಗಿಯಾಗದಂತೆ ಕಂಕುಳಿಗೆ ಚೌಕದ ತುಂಡು ಕೂಡಿಸುವುದನ್ನು ಕಲಿತೆ. ದೊಡ್ಡಪ್ಪ ಹೊಲಿದ ನಿಲುವಂಗಿಗೆ ಗುಂಡಿ ಇರಲಿಲ್ಲ. ಎದೆಯ ಪಕ್ಕದಲ್ಲಿ ಬಟ್ಟೆಯ ಕಸೆ ಕಟ್ಟುವುದು. ಒಂದು ತುದಿ ಎಳೆದರೆ ಅಂಗಿ ಕಳಚಬೇಕು. "ಮುಂದಿನ ದೃಶ್ಯಕ್ಕೆ ಇವನೇ ಸನ್ಯಾಸಿ. ಬಿಚ್ಚಲಿಕ್ಕೆ ಹೊತ್ತಾದ್ರೆ ಪರದೆ ಕಾಯ್ತದಾ?" ಎನ್ನುತ್ತಿದ್ದರು.

ಒಮ್ಮೆ ತಾಲೀಮಿನ ನಡುವೆ, ರಾಜನ ಪಾತ್ರದ, ಮೆಣಸೆ ಊರಿನ ಶೇಷಪ್ಪನ ಕಸೆ ತಾನಾಗಿ ಬಿಚ್ಚಿಕೊಂಡಿತು. ತೋಟದ ಕೆಲಸದ ಶೇಷಪ್ಪ ದೊಡ್ಡ ಬಾಯಿಯವನು. "ಎಂತ ಮಾರಾಯ ಸುಬ್ಬಣ್ಣ, ರಾಜ್ಯ ಹೋದ್ರೆ ಹೋಗ್ಲಿ, ಮಾನ ಉಳಿಸು!" ಎಂದು ದೊಡ್ಡಪ್ಪನತ್ತ ಕೂಗಿದ. ಎಲ್ಲರೂ ನಕ್ಕರು. ದೊಡ್ಡಪ್ಪನ ಮುಖ ನನ್ನಿಂದ ನೋಡಲಾಗಲಿಲ್ಲ. ಮರುದಿನ ಮಧ್ಯಾಹ್ನದ ತಾಲೀಮಿಗೆ ಅವರು ಶೇಷಪ್ಪನಿಗೆ ಅಂಗಿ ತೊಡಿಸಿ ಆಚೆ ಹೋದರು. ಶೇಷಪ್ಪ ಕನ್ನಡಿಯ ಮುಂದೆ ಮೀಸೆ ಅಂಟಿಸಿಕೊಳ್ಳುತ್ತಿದ್ದಾಗ, ನಾನು ಅವನಿಗೆ ಗೊತ್ತಾಗದ ಹಾಗೆ ಪಕ್ಕೆಯ ಗಂಟಿಗೆ ಜೋಡಿದಾರದಲ್ಲಿ ನಾಲ್ಕು ಹೊಲಿಗೆ ಹಾಕಿದೆ. ದೊಡ್ಡಪ್ಪನ ಹೆಸರು ಉಳಿಯಲಿ ಎಂದು.

ಆ ದಿನ ಪಂಜಿನ ದೃಶ್ಯವಿತ್ತು. ಬೆಂಕಿ ಶೇಷಪ್ಪನ ತೋಳಿಗೆ ತಾಗಿತು. ದೊಡ್ಡಪ್ಪ ಓಡಿ ಬಂದು ಕಸೆ ಎಳೆದರು. ಬರಲಿಲ್ಲ. ಮತ್ತೆ ಎಳೆದರು. ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ಎರಡನೆಯ ಎಳೆತ, ಗಂಟು ಏಕೆ ಬರುತ್ತಿಲ್ಲವೆಂದು ತಿಳಿಯದ ಅವರ ನೋಟ. ಉರಿಯುವ ಬಟ್ಟೆಯನ್ನು ಬರಿಗೈಯಲ್ಲಿ ಹರಿದು ತೆಗೆದರು. ಶೇಷಪ್ಪ ಹೆಗಲ ಗಾಯದೊಂದಿಗೆ ಉಳಿದ. ದೊಡ್ಡಪ್ಪನ ಬೆರಳುಗಳು ಮುರುಟಿಹೋದವು. ಮತ್ತೆ ಕತ್ತರಿ ಹಿಡಿಯಲಾಗಲಿಲ್ಲ. "ಗಂಟು ನಂದೇ ತಪ್ಪಿತು" ಎಂದು ಕೇಳಿದವರಿಗೆಲ್ಲ ಹೇಳಿದರು. ಹಾಸಿಗೆಯ ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಅವರು ಬದುಕಿದ್ದಷ್ಟು ದಿನವೂ ಬಿಡಲಿಲ್ಲ.

ಆ ಮನೆ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿಯಿದೆ. ಕಳೆದ ತಿಂಗಳು ಅದರೆದುರು ಬಸ್ಸಿಗೆ ಕಾಯುತ್ತಿದ್ದಾಗ, ಅಂದಿನ ನಾಟಕದಲ್ಲಿ ಮಂತ್ರಿಯಾಗಿದ್ದ ಮುದುಕರೊಬ್ಬರು ಗುರುತು ಹಿಡಿದರು. "ಒಳ್ಳೆ ದರ್ಜಿ ನಿನ್ನ ದೊಡ್ಡಪ್ಪ. ಒಂದು ಗಂಟು ತಪ್ಪಿತು, ಅಷ್ಟೇ."

"ಅವರ ತಪ್ಪಲ್ಲ. ಗಂಟಿಗೆ ಹೊಲಿಗೆ ಹಾಕಿದ್ದು ನಾನು."

ಅವರು ಕಣ್ಣೊರೆಸಿಕೊಂಡರು.

"ಮಗಳ ಹಾಗೆ ಸಾಕಿದ್ದ. ಅವನ ತಪ್ಪು ಮೈಮೇಲೆ ಹಾಕ್ಕೊಂಡು ನೀನು ಹೇಳ್ದೆ ಇನ್ಯಾರು ಹೇಳ್ತಾರೆ, ಮಾರಾಯ್ತಿ" ಎಂದು ನನ್ನ ತಲೆ ಸವರಿ, ಬಂದ ಬಸ್ಸು ಹತ್ತಿದರು.