ಮಜ್ಜಿಗೆ ಚಿಮುಕಿಸಿದ ಅಕ್ಕಿಯ ಉಂಡೆ

ಅತ್ತೆ ಉಂಡೆಯನ್ನು ಕಚ್ಚಿ ನೋಡುವುದಿಲ್ಲ. ಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಬೀಳಿಸಿ ಕೇಳುತ್ತಾರೆ. ಟಣ್ ಅಂದರೆ ಪಾಸು. ದಪ್ ಅಂದರೆ ಅದು ಉಂಡೆಯಲ್ಲ, ಲಾಡು. ಲಾಡು ಎನ್ನುವುದು ಅವರ ಬಾಯಲ್ಲಿ ಬೈಗುಳ.

ಅವರು ನನಗೆ ರಕ್ತಸಂಬಂಧದ ಅತ್ತೆಯಲ್ಲ. ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಾದ ಊರಿಗಾಂ ಲೈನಿನ ತಮಿಳು ಮನೆಯವರು. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಿಂದ ಅವರ ಸಾಲಿನ ಮನೆಗಳಿಗೆ ಹಾಲು ಹಾಕುತ್ತಿದ್ದೆವು. ಮೊದಲು ಅಜ್ಜಿ, ಆಮೇಲೆ ಅಪ್ಪ, ಕೊನೆಗೆ ನಾನು. ಈಗ ನಮ್ಮ ಹಾಲು ಡೈರಿಗೆ ಹೋಗುತ್ತದೆ. ಅತ್ತೆ ಅನ್ನುವುದು ಮಾತ್ರ ನಿಂತಿಲ್ಲ.

ಈ ಸಲ ಅವರ ಬಸುರಿ ಮೊಮ್ಮಗಳಿಗೆ ಬಳೆ ತೊಡಿಸುವ ಶಾಸ್ತ್ರ. ತಟ್ಟೆಯಲ್ಲಿ ಮನೆಯಲ್ಲೇ ಕಟ್ಟಿದ ಪೊರಿವಿಳಂಗಾ ಉಂಡೆ ಇರಲೇಬೇಕೆಂದು ಅತ್ತೆಯ ಹಟ. ಅಕ್ಕಿ, ಗೋಧಿ, ಹೆಸರುಬೇಳೆಗಳನ್ನು ಎಣ್ಣೆ ಸೋಕಿಸದೆ ಬೇರೆಬೇರೆಯಾಗಿ ಹುರಿದು, ಪುಡಿ ಮಾಡಿ, ಬೆಲ್ಲದ ಬಿಸಿ ಪಾಕದಲ್ಲಿ ಕಟ್ಟುವ ಉಂಡೆ ಅದು. ಕೈ ಸುಡುವಾಗಲೇ ಕಟ್ಟಬೇಕು, ಜೀವ ಬಿಟ್ಟು ಹಿಸುಕಬೇಕು. ಅತ್ತೆಯ ಮಣಿಕಟ್ಟು ಈಗ ಅದಕ್ಕೆ ಒಪ್ಪುವುದಿಲ್ಲ. ರಾಬರ್ಟ್‌ಸನ್‌ಪೇಟೆಯಿಂದ ಬೂಂದಿ ಲಾಡು ತಂದರಾಯಿತು ಎಂದು ಅವರ ಮಗಳು ಅಂದಿದ್ದೇ ತಡ, ನನಗೆ ಫೋನು ಬಂತು.

“ಏನ್ಲಾ, ಇನ್ನೂ ಹಾಲು ಕರೀತೀಯಾ?”

“ಊಂ ಅತ್ತೆ. ಎರಡು ಹಸು.”

“ಹಂಗಾದ್ರೆ ನಾಳೆ ಬೆಳಿಗ್ಗೆ ಬಾ. ನಾಡಿದ್ದು ಶಾಸ್ತ್ರ. ನಂಗೆ ನಿನ್ನ ಕೈ ಬೇಕು, ತಲೆ ಮನೇಲೇ ಬಿಟ್ಟು ಬಾ.”

ಬಸ್ಸಿನಲ್ಲಿ ಉದ್ದಕ್ಕೂ ಗಾಳಿಯನ್ನೇ ಉಂಡೆ ಕಟ್ಟುತ್ತಾ ಹೋದೆ. ಪಕ್ಕದವರು ಸ್ವಲ್ಪ ಸರಿದು ಕೂತರು. ನನ್ನ ನೆನಪಿನ ಉಂಡೆ ಮುಷ್ಟಿಗಾತ್ರದ್ದು. ಆದರೆ ಯಾವ ಮುಷ್ಟಿ? ಆಗಿನ ಆರು ವರ್ಷದ್ದೋ, ಈಗಿನದೋ? ಅಲ್ಲೇ ನನಗೆ ನನ್ನ ನೆನಪಿನ ಮೇಲೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅತ್ತೆ ಕುಸುಬಲಕ್ಕಿಯನ್ನು ಮೊರದಲ್ಲಿ ಹರಡಿ ನನ್ನ ಮುಂದಿಟ್ಟರು. ಕುಡಿಯಲು ಒಂದು ಲೋಟ ಮಜ್ಜಿಗೆ ಕೊಟ್ಟು, ಬೆಲ್ಲ ಕುಟ್ಟಲು ಹಿಂದಕ್ಕೆ ಹೋದರು. ನಾನು ಅರ್ಧ ಕುಡಿದೆ. ಉಳಿದದ್ದನ್ನು ಅಕ್ಕಿಯ ಮೇಲೆ ಚಿಮುಕಿಸಿ ಎರಡೂ ಕೈಯಲ್ಲಿ ಚೆನ್ನಾಗಿ ತಿಕ್ಕಿದೆ. ಯೋಚಿಸಿ ಮಾಡಿದ್ದಲ್ಲ. ಹುರಿಹಿಟ್ಟಿಗೆ ರಾಗಿ ಅರಳಿಸುವ ಮನೆಯಲ್ಲಿ ಹುಟ್ಟಿದವನ ಕೈ ಅದು. ಹುರಿಯುವ ಕಾಳು ಕಂಡರೆ ಮಜ್ಜಿಗೆ ಹುಡುಕುತ್ತದೆ.

ಅತ್ತೆ ವಾಪಸು ಬಂದು ಮೊರ ನೋಡಿದರು.

“ಅಡಪಾವಿ! ಯಾರ್ಲಾ ಹೇಳಿದ್ದು ಒದ್ದೆ ಮಾಡು ಅಂತ?”

“ನೀವೇ ಅತ್ತೆ. ನಾನು ಚಿಕ್ಕೋನಿದ್ದಾಗ ಕಣ್ಣಾರೆ ನೋಡಿದೀನಿ. ಹಸಿರು ಸೀರೆ ಉಟ್ಕೊಂಡು, ಮೊರದ ಮುಂದೆ ಕುಂತ್ಕೊಂಡು ಚಿಮುಕಿಸ್ತಿದ್ರಿ.”

“ನಾನಾ? ಹಸಿರು ಸೀರೆನಾ? ನಿಮ್ಮಮ್ಮಂಗೆ ಹಾಕು ಫೋನು!”

ಹಾಕಿದೆ. ಅಮ್ಮನಿಗೆ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಆ ಕಡೆಯಿಂದ ನಗು. “ಲೇ, ಅದು ನಿಮ್ಮಜ್ಜಿ ಕಣ್ಲಾ! ನಮ್ಮನೆ ಅಂಗಳದಾಗೆ ರಾಗಿಗೆ ಚಿಮುಕಿಸ್ತಿದ್ದಿದ್ದು. ಆ ಅಸಿರು ಸೀರೇನೂ ಅವರ್ದೇ. ಈಗ ಅಲ್ಲೋಗಿ ಏನ್ ಆಳು ಮಾಡ್ದೆ?”

ಇಷ್ಟು ವರ್ಷ ಆ ಸೀರೆಯ ಅಂಚನ್ನು ಬರೆದು ತೋರಿಸಬಲ್ಲೆ ಎಂದುಕೊಂಡಿದ್ದೆ. ಇಬ್ಬರು ಹೆಂಗಸರು, ಎರಡು ಮನೆ, ಎರಡು ಕಾಳು. ನನ್ನ ತಲೆ ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಿಟ್ಟಿತ್ತು. ನಾಚಿಕೆಯಾಗಬೇಕಿತ್ತು. ಆಗಿದ್ದು ಬೇರೆ ಏನೋ, ಬೀಗ ತೆಗೆದ ಹಾಗೆ. ತಲೆಯಲ್ಲಿ ಇನ್ನೂ ಏನೇನು ಹೀಗೆ ಹೊಲಿದುಕೊಂಡಿದೆಯೋ!

ಆದರೆ ಅಕ್ಕಿ ಒದ್ದೆ. ಮನೆಯಲ್ಲಿ ಬೇರೆ ಕುಸುಬಲಕ್ಕಿ ಒಂದು ಪಾವೂ ಇರಲಿಲ್ಲ. ಮಗಳು ಮೊಳೆಯಿಂದ ಕೈಚೀಲ ತೆಗೆದುಕೊಂಡು ಬಾಗಿಲಲ್ಲಿ ನಿಂತರು. “ಅಮ್ಮಾ, ಲಾಡು ತಂದ್ಬಿಡ್ಲಾ?”

“ನಿಲ್ಲೇ ನೀನು,” ಎಂದರು ಅತ್ತೆ. ನನ್ನ ಕಡೆ ತಿರುಗಿ, “ಹುರಿ. ಏನಾಗುತ್ತೋ ನೋಡೋಣ.”

ಕಬ್ಬಿಣದ ಬಾಂಡ್ಲಿಗೆ ಹಾಕಿದೆ. ಮೊದಲು ಬರೀ ಹಬೆ, ಹುಳಿ ವಾಸನೆ. ಕೈ ಬಿಡದೆ ಕೆದಕಿದೆ. ಐದು ನಿಮಿಷ, ಹತ್ತು ನಿಮಿಷ, ಏನೂ ಇಲ್ಲ. ಮಗಳು ಚಪ್ಪಲಿ ಮೆಟ್ಟಿದರು. ಆಗ ಒಂದು ಕಾಳು ಚಟ್ ಎಂದು ಹಾರಿ ನನ್ನ ಮೂಗಿಗೆ ಬಡಿಯಿತು. ಇನ್ನೊಂದು. ನಾಲ್ಕು. ಆಮೇಲೆ ಇಡೀ ಬಾಂಡ್ಲಿಯೇ ಚಟಪಟ, ಅಕ್ಕಿಯೆಲ್ಲ ಉಬ್ಬಿ ಬೆಳ್ಳಗೆ, ನೆಲದ ಮೇಲೆ, ಒಲೆ ಕಟ್ಟೆಯ ಮೇಲೆ, ಅತ್ತೆಯ ಕೂದಲಲ್ಲಿ! ನಾನು ಕೂಗಿಕೊಂಡೆನಂತೆ. ಅದು ನನಗೆ ನೆನಪಿಲ್ಲ.

ಅತ್ತೆ ಒಂದು ಕಾಳನ್ನು ನಾಲಿಗೆಯ ಮೇಲಿಟ್ಟು ಅಂಗುಳಕ್ಕೆ ಒತ್ತಿದರು. “ಬೇಳೆಗೂ ಮಜ್ಜಿಗೆ ಹಾಕಿದ್ರೆ ಕೈ ಮುರೀತೀನಿ,” ಎಂದರು.

ಗೋಧಿ, ಬೇಳೆ ಹುರಿದಾಯಿತು. ಎಲ್ಲ ಮಿಕ್ಸಿಗೆ ಹಾಕಿ, ಒಣಶುಂಠಿ ಏಲಕ್ಕಿ ಕೊಬ್ಬರಿ ಚೂರು ಸೇರಿಸಿದೆವು. ಪಾಕದ ಹನಿಯೊಂದನ್ನು ನೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ತಟ್ಟೆಗೆ ಎಸೆದು ಅತ್ತೆ ಅದರ ಸದ್ದನ್ನೂ ಕೇಳಿದರು. “ಸುರಿ!” ಸುರಿದೆ. ಕೈಗೆ ಒಣಪುಡಿ ಸವರಿಕೊಂಡು, ಬೆಂಕಿಯಂಥ ಹಿಟ್ಟನ್ನು ತೆಗೆದು ಹಿಸುಕಿ, ಓಡಿಹೋಗಿ ಮೆಟ್ಟಿಲ ಮೇಲೆ ಬಿಟ್ಟೆ.

ದಪ್. ಮೂರು ಹೋಳು.

“ಹಸೂನ ಹಿಂಗೇ ಹಿಚುಕ್ತೀಯಾ? ಒದೆಯಲ್ವಾ ಅದು?” ಎಂದರು ಅತ್ತೆ.

ಆಗ ತಿಳಿಯಿತು. ನಾನು ಐದು ಬೆರಳನ್ನೂ ಒಟ್ಟಿಗೆ ಬಿಗಿಯುತ್ತಿದ್ದೆ. ಕೊಟ್ಟಿಗೆಯಲ್ಲಿ ಮಾಡುವ ಹಾಗೆ ತೋರುಬೆರಳು ಮೊದಲು, ಆಮೇಲೆ ನಡುಬೆರಳು, ಹಾಗೇ ಕಿರುಬೆರಳಿನವರೆಗೆ ಇಳಿಸುತ್ತಾ ಬಂದೆ. ಉಂಡೆ ಅಂಗೈಯಲ್ಲೇ ಕುಗ್ಗಿ ಬಿಗಿಯಾಯಿತು. ಎರಡನೆಯದನ್ನು ಬಿಟ್ಟೆ.

ಟಣ್!

ಮೂರು ಮೆಟ್ಟಿಲು ಪುಟಿದು, ಓಣಿಗೆ ಉರುಳಿ, ನಿಂತಿದ್ದ ಆಟೋದ ಚಕ್ರಕ್ಕೆ ಬಡಿದು ನಿಂತಿತು. ಬರಿಗಾಲಲ್ಲಿ ಓಡಿ ತಂದೆ. ಒಂದು ಬಿರುಕಿಲ್ಲ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು.

“ಇನ್ನೊಂದ್ಸಲ.”

ಟಣ್.

“ಇನ್ನೊಂದ್ಸಲ, ಕಣ್ಣು.” ಅವರ ತಮಿಳಿನಲ್ಲಿ ಮುದ್ದಿನ ಮಕ್ಕಳನ್ನು ಕರೆಯುವುದು ಹಾಗೆ.

ಮಗಳು ಕೈಚೀಲವನ್ನು ಮೊಳೆಗೆ ನೇತುಹಾಕಿ, ತಟ್ಟೆ ಒರೆಸತೊಡಗಿದರು. ಪಾಕ ಆರುವ ಮೊದಲೇ ತಟ್ಟೆ ತುಂಬಿತು. ನನ್ನ ಅಂಗೈ ದಾಸವಾಳದ ಬಣ್ಣವಾಗಿತ್ತು.

ಶಾಸ್ತ್ರದ ದಿನ ಬಂದವರು ಉಂಡೆಯನ್ನು ಬಾಗಿಲ ಚೌಕಟ್ಟಿಗೆ ಕುಟ್ಟಿ ಕುಟ್ಟಿ ತಿಂದರು. ಬಳಗದ ಹೆಂಗಸೊಬ್ಬರು, ಉಂಡೆಯಲ್ಲಿ ಅರಳಿದ ಅಕ್ಕಿಯ ಘಮ ಇಷ್ಟು ಚೆನ್ನಾಗಿ ಬಂದಿದೆ, ಹೇಗೆ ಎಂದು ಕೇಳಿದರು. ಅತ್ತೆ ಮೊಮ್ಮಗಳ ಕೈಯ ಬಳೆ ಸರಿಮಾಡುತ್ತಲೇ ಹೇಳಿದರು:

“ಮಜ್ಜಿಗೆ ಚಿಮುಕಿಸಿ ಹುರೀಬೇಕು. ನಮ್ಮಮ್ಮನ ಕಾಲದಿಂದ್ಲೂ ಹಂಗೇ.” ಆಮೇಲೆ ನನ್ನ ಕಡೆ ನೋಡಿದರು. “ಕೇಳಿ ಬೇಕಾದ್ರೆ. ಇವನು ಚಿಕ್ಕೋನಿದ್ದಾಗ್ಲೇ ನೋಡಿದಾನೆ. ಅಲ್ವೇನ್ಲಾ?”

“ನೋಡಿದೀನಿ ಅತ್ತೆ,” ಎಂದೆ. “ಹಸಿರು ಸೀರೆ ಉಟ್ಟಿದ್ರಿ.”