ಗೋಡೆಯಾಚೆಯ ಲೋಳೆಸರ

ವಾರವೆಲ್ಲ ಬಾಗಲೂರಿನ ಕಡೆ ಖಾಲಿ ಸೈಟುಗಳಲ್ಲಿ ಲಂಟಾನ ಕೀಳುವವನಿಗೆ ಭಾನುವಾರವೂ ಯಾರಾದರೂ ‘ಸ್ವಲ್ಪ ಲಂಟಾನ ಕಿತ್ತುಕೊಡಿ’ ಎಂದರೆ ಹೇಗಾಗಬೇಡ? ನಾನು ಓಡಿಸುವುದು ಚಿಕ್ಕ ಲೋಡರ್. ಸ್ಟೀರಿಂಗ್ ಇಲ್ಲ, ಎರಡು ಲಿವರ್ ಅಷ್ಟೇ. ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಮುಂದಿನ ತೋಳಿಗೆ ಕೆಲಸಕ್ಕೆ ತಕ್ಕದ್ದನ್ನು ಸಿಕ್ಕಿಸಬೇಕು: ಮಣ್ಣಿಗೆ ಬಕೆಟ್, ಪೊದೆ ಸವರಲು ಕಟರ್, ಬುಡಸಮೇತ ಕೀಳಲು ಇಕ್ಕಳ. ನೋಡುವವರಿಗೆ ಇದೊಂದು ಆಟದ ಸಾಮಾನು. ಒಳಗೆ ಕೂತವನ ಸೊಂಟವನ್ನು ಯಾರೂ ಕೇಳುವುದಿಲ್ಲ.

ಕರೆದವರು ನಮ್ಮ ತಣಿಸಂದ್ರದ ಹಳೇ ಖಬರಸ್ತಾನದ ಉಸ್ತುವಾರಿ ನೋಡುವ ಮುತವಲ್ಲಿ ಸಾಹೇಬರು. ಶಬೇ ಬರಾತ್ ಹತ್ತಿರ ಬಂದಿತ್ತು. ಆಗ ಎಲ್ಲರೂ ತಮ್ಮ ತಮ್ಮವರ ಗೋರಿಗೆ ಬಂದು, ಹೂ ಹಾಕಿ, ಫಾತಿಹಾ ಪ್ರಾರ್ಥನೆ ಓದುತ್ತಾರೆ. ಆದರೆ ಗೋರಿಗಳು ಕಂಡರಲ್ಲವೆ? ಆಳೆತ್ತರದ ಲಂಟಾನ ಎಲ್ಲವನ್ನೂ ನುಂಗಿತ್ತು.

"ಮೊಹಲ್ಲಾದಲ್ಲೇ ನೀವಿರೋವಾಗ ಹೊರಗಿನೋರ್ನ ಯಾಕ್ ಕರೀಬೇಕು ಭಾಯ್?" ಎಂದರು. ಸೊಂಟ ಸರಿಯಿಲ್ಲ, ಮುಂದಿನ ವಾರ ನೋಡೋಣ ಎಂದು ಜಾರಿಕೊಂಡೆ.

ಸುದ್ದಿ ಹೇಗೋ ಮುಟ್ಟಿ, ಅರ್ಧ ಗಂಟೆಯಲ್ಲಿ ಅಕ್ಕನ ಫೋನ್ ಬಂತು. ಮನೆಯಲ್ಲಿ ನಾವಾಡುವುದು ಉರ್ದು. ಅಕ್ಕ ಕನ್ನಡಕ್ಕೆ ಇಳಿದಳೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ.

"ಊರೋರ ಸೈಟೆಲ್ಲಾ ಕ್ಲೀನ್ ಮಾಡ್ತೀಯ. ಅಮ್ಮನ್ನ ನೋಡದೆ ಎಷ್ಟು ವರ್ಷ ಆಯ್ತು ಗೊತ್ತೇನೋ ನಂಗೆ?"

ನಮ್ಮ ಕಡೆ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ. ಕಾಂಪೌಂಡ್ ಕುಸಿದು ತಗ್ಗಾದ ಕಡೆ ನಿಂತು, ಹೊರಗಿನಿಂದಲೇ ಕೈಯೆತ್ತಿ ಓದುತ್ತಾರೆ. ಅಮ್ಮ ಹೋದಾಗ ಅಕ್ಕ ತಾನೇ ಕುಂಡದಲ್ಲಿ ಬೆಳೆಸಿದ್ದ ಲೋಳೆಸರವನ್ನು ನನ್ನ ಕೈಗಿತ್ತು, ಅಮ್ಮನ ತಲೆಯ ಹತ್ತಿರ ನೆಡು ಎಂದಿದ್ದಳು. ನೆಟ್ಟಿದ್ದೆ. ಗೋಡೆಯಾಚೆಯಿಂದ ಆ ಹಸಿರು ಬುಡ ಕಂಡರೆ ಅವಳಿಗೆ ಅಮ್ಮನೇ ಕಂಡ ಹಾಗೆ. ಲಂಟಾನ ಹಬ್ಬಿದ ಮೇಲೆ ಅದೂ ಇಲ್ಲವಾಗಿತ್ತು. ಅವಳಿಗೆ ಬೇಕಾದದ್ದು ಅಷ್ಟೇ, ಆ ಗಿಡ ಮತ್ತೆ ಕಾಣಬೇಕು. ಇನ್ನು ನಾನು ಸೊಂಟದ ಕಥೆ ಹೇಳುವುದುಂಟೆ?

ಭಾನುವಾರ ಹೋದೆ. ಗಾಡಿಗೆ ವಾರದ ಕೆಲಸದ ಕಟರ್ ಹಾಗೇ ಇತ್ತು. "ಹಂಗೇ ಹೊಡ್ಕೊಂಡು ಹೋಗಿ ಭಾಯ್, ಮಧ್ಯಾಹ್ನಕ್ಕೆ ಮುಗೀತದೆ," ಎಂದರು ಮುತವಲ್ಲಿ ಸಾಹೇಬರು. ಮುಗಿಯುತ್ತದೆ, ನಿಜ. ಆದರೆ ಲಂಟಾನದ ಜೊತೆ ಗಿಡ, ಗುರುತಿನ ಕಲ್ಲು, ಮಣ್ಣಿನ ದಿಬ್ಬ, ಎಲ್ಲವೂ ಸಪಾಟಾಗುತ್ತದೆ. ಗೋಡೆಯಾಚೆ ಅಕ್ಕ ಆಗಲೇ ಬಂದು ನಿಂತಿದ್ದಳು. "ಆ ಕಟರ್ ಇಳಿಸಿದ್ಯೋ, ನೋಡು ಮತ್ತೆ!" ಎಂದು ಅಲ್ಲಿಂದಲೇ ಕೂಗಿದಳು.

ಸರಿ, ಕಟರ್ ಬಿಚ್ಚಿ ಇಕ್ಕಳ ಹಾಕಲು ಹೋದರೆ ಅದನ್ನು ಆಡಿಸುವ ಆಯಿಲ್ ಪೈಪು ಕೂರಲೊಲ್ಲದು. ಇಕ್ಕಳ ಬಿಸಿಲಲ್ಲಿ ಬಿದ್ದಿತ್ತಲ್ಲ, ಪೈಪಿನೊಳಗಿನ ಆಯಿಲ್ ಕಾದು ಉಬ್ಬಿ ಬಾಯಿ ಬಿಗಿದುಕೊಂಡಿತ್ತು. ಕೈಜೋಡಿಸಲು ಬಂದಿದ್ದ ಮೊಹಲ್ಲಾದವರಲ್ಲಿ ಯಾರೋ ಪುಣ್ಯಾತ್ಮ ಸುತ್ತಿಗೆ ತಂದ. "ಒಂದೇಟು ಕೊಡ್ಲಾ?" ಎಂದ. "ನಿನ್ ತಲೆಗೆ ಕೊಟ್ಕೋ!" ಎಂದು ರೇಗಿಬಿಟ್ಟೆ. ಇದಕ್ಕೆ ಮದ್ದು ಒಂದೇ, ಒದ್ದೆ ಗೋಣಿಚೀಲ ಹೊದಿಸಿ ತಣ್ಣಗಾಗುವ ತನಕ ಕಾಯುವುದು. ಬೇವಿನ ಮರದ ಕೆಳಗೆ ಕೂತೆ. ಕಣ್ಣು ಎಳೆಯುತ್ತಿತ್ತು. ಹಾಳಾದ್ದು ಕೂರದಿದ್ದರೇ ಒಳ್ಳೆಯದು, ಮನೆಗೆ ಹೋಗಿ ಮಲಗಬಹುದು ಅಂತಲೂ ಅನ್ನಿಸಿತು. ಆದರೆ ಕೂತಿತು.

ಸೈಟಿನಲ್ಲಾದರೆ ಗಾಡಿಯನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಇಲ್ಲಿ ಹಾಗಲ್ಲ. ಈ ಗಾಡಿ ತಿರುಗುವಾಗ ಚಕ್ರ ಜಾರಿ ಮಣ್ಣನ್ನೆಲ್ಲ ಕಿತ್ತುಹಾಕುತ್ತದೆ. ಹಾಗಾಗಿ ನಡುವಿನ ದಾರಿ ಬಿಟ್ಟು ಕದಲಲಿಲ್ಲ. ಮುಂದೆ ಹೋಗು, ತೋಳು ಚಾಚು, ಬುಡ ಹಿಡಿ, ನಿಧಾನಕ್ಕೆ ಎತ್ತು, ಹಿಂದೆ ಬಾ. ಎಟುಕದ್ದನ್ನು ನಾಲ್ಕಾರು ಜನ ಮಚ್ಚಿನಲ್ಲಿ ಕಡಿದು ನನ್ನ ಕಡೆ ಎಳೆದು ಹಾಕಿದರು. ಹೊತ್ತು ಇಳಿಯುವಷ್ಟರಲ್ಲಿ ಕೈಬೆರಳು ಮರಗಟ್ಟಿ, ಲಿವರ್ ಬಿಟ್ಟರೂ ಹಿಡಿದ ಹಾಗೇ ಮಡಚಿಕೊಂಡಿದ್ದವು.

ಕೊನೆಯ ಪೊದೆ ಎದ್ದಾಗ ಇಡೀ ಖಬರಸ್ತಾನ ಬಯಲಾಯಿತು. ಎಲ್ಲಿ ನೋಡಿದರೂ ಲೋಳೆಸರ! ನೀರು ಹಾಕದಿದ್ದರೂ ಬದುಕುವ ಗಿಡವೆಂದು ಅಕ್ಕನ ಹಾಗೇ ಮನೆಮನೆಯವರೂ ತಮ್ಮವರ ತಲೆಯ ಹತ್ತಿರ ಅದನ್ನೇ ನೆಟ್ಟಿದ್ದರು. ಗುರುತಿಗೆಂದು ನೆಟ್ಟದ್ದು ಮರಿ ಹಾಕಿ, ಆ ಮರಿಗಳು ಮರಿ ಹಾಕಿ, ಒಂದು ಗೋರಿಯಿಂದ ಇನ್ನೊಂದಕ್ಕೆ ದಾಟಿಕೊಂಡು, ಯಾರದು ಯಾವುದೆಂದು ತಿಳಿಯದ ಹಾಗೆ ಹಬ್ಬಿಬಿಟ್ಟಿತ್ತು.

"ಯಾವುದೋ ಅಮ್ಮಂದು?" ಎಂದಳು ಅಕ್ಕ.

"ಅಲ್ಲೇ, ಬೇವಿನ ಮರದ ಮುಂದೆ."

"ಬೇವಿನ ಮುಂದೆ ಎಲ್ಲಾ ಅದೇ ಇದೆಯಲ್ಲೋ!"

ಇಳಿದು ಹುಡುಕಿದೆ. ನಾನಿಟ್ಟಿದ್ದ ಕಲ್ಲು ಎಲ್ಲಿ ಹೂತುಹೋಗಿತ್ತೋ, ಸಿಗಲಿಲ್ಲ. ಹೇಗೂ ದೂರದಿಂದ ನೋಡುವವಳು, ಯಾವುದೋ ಒಂದನ್ನು ತೋರಿಸಿದರೆ ನಂಬುತ್ತಾಳೆ, ಇಬ್ಬರೂ ಮನೆಗೆ ಹೋಗಬಹುದು. ಕೈ ಎತ್ತಿಯೂ ಎತ್ತಿದೆ. ಹಾಗೇ ಇಳಿಸಿಬಿಟ್ಟೆ.

"ಗೊತ್ತಾಗ್ತಿಲ್ಲ ಆಪಾ," ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದುಪಟ್ಟದ ಅಂಚನ್ನು ಬಾಯಿಗೊತ್ತಿಕೊಂಡಳು. ಸಂಕಟವಾಯಿತು ನನಗೆ. ದಿನವಿಡೀ ದುಡಿದು ಅವಳ ಆಸೆಗೆ ಕಲ್ಲು ಹಾಕಿದ ಹಾಗಾಯಿತಲ್ಲ ಎಂದು ನನ್ನ ಮೇಲೆ, ಗಿಡದ ಮೇಲೆ, ಎಲ್ಲದರ ಮೇಲೂ ರೇಗಿಹೋಯಿತು.

ಆಮೇಲೆ, "ಸಬ್‌ಕೂ ಪಾನಿ ಡಾಲ್ ರೇ," ಎಂದಳು. ಎಲ್ಲಕ್ಕೂ ನೀರು ಹಾಕು ಅಂತ. ಉರ್ದುವಿಗೆ ಬಂದಿದ್ದಳು, ಸಿಟ್ಟಿರಲಿಲ್ಲ.

ಕೊಡದಲ್ಲಿ ಹೊರುವ ಶಕ್ತಿ ನನಗಿರಲಿಲ್ಲ. ಇಕ್ಕಳ ಬಿಚ್ಚಿ ಬಕೆಟ್ ಹಾಕಿದೆ. ಪುಣ್ಯಕ್ಕೆ ಬಕೆಟ್ಟಿಗೆ ಪೈಪಿನ ರಗಳೆಯಿಲ್ಲ. ಗೇಟಿನ ಹತ್ತಿರದ ನಲ್ಲಿಯಲ್ಲಿ ತುಂಬಿಸಿ, ತುಳುಕದ ಹಾಗೆ ಬಸುರಿಯನ್ನು ಕರೆತರುವಂತೆ ಗಾಡಿ ತಂದು, ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ, ಇಳಿದು ಮಗ್ಗಿನಲ್ಲಿ ಹಾಕಿದೆ. ಹತ್ತುವುದು, ಇಳಿಯುವುದು. ಪ್ರತಿ ಸಲವೂ ಸೊಂಟ ‘ಯಾ ಅಲ್ಲಾ’ ಎನ್ನುತ್ತಿತ್ತು. ಇದನ್ನು ನೋಡಿ ಮುತವಲ್ಲಿ ಸಾಹೇಬರು ತಾವೂ ಒಂದು ಡಬ್ಬ ಹಿಡಿದು ಬಂದರು.

ಮುಗಿಯಿತೆಂದು ಕೀ ತಿರುಗಿಸಿ ಗಾಡಿ ಆಫ್ ಮಾಡಿದೆ. ಮನೆ, ಚಾಪೆ, ನಿದ್ದೆ, ಬೇರೇನೂ ಬೇಡವಾಗಿತ್ತು.

"ಏ, ಆ ಹಿಂದಿನ ಮೂಲೇದೊಂದು ಬಿಟ್ಟೆ ಕಣೋ!" ಗೋಡೆಯಾಚೆಯಿಂದ ಅಕ್ಕನ ಕೂಗು, ಮತ್ತೆ ಕನ್ನಡದಲ್ಲಿ. ಆಮೇಲೆ ಸಣ್ಣ ದನಿಯಲ್ಲಿ, "ಅದೇ ಅಮ್ಮಂದಾಗಿದ್ರೆ?"

ಆ ಮೂಲೆ ಎಲ್ಲಿ, ಬೇವಿನ ಮರ ಎಲ್ಲಿ! ಅಮ್ಮ ಅಲ್ಲಿರಲು ಸಾಧ್ಯವೇ ಇರಲಿಲ್ಲ. ನಾನೇ ಇಳಿಸಿ ಮಣ್ಣು ಹಾಕಿದವನು, ಅಷ್ಟು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಬಕೆಟ್ಟಿನ ತಳದಲ್ಲಿದ್ದ ನೀರನ್ನು ಮಗ್ಗಿಗೆ ಬಳಿದುಕೊಂಡು ಮೂಲೆಯ ಕಡೆ ನಡೆದೆ.