ಎದುರು ಮನೆಯ ಅಕ್ಕನ ನೀರೊಲ್ಲದ ಗಿಡಗಳು

ಬೆಕ್ಕು ಎಲ್ಲವನ್ನೂ ಉರುಳಿಸಬಹುದಿತ್ತು. ಕಿಟಕಿಯ ಬಿಸಿಲಿಗೆ ಎಲೆಗಳು ಸುಡಬಹುದಿತ್ತು, ಇಲ್ಲವೇ ಬಿಸಿಲು ಸಾಲದೆ ಸೊರಗಬಹುದಿತ್ತು. ಬುಡಕ್ಕೆ ಬಿಳಿ ಹುಳ ಹತ್ತಬಹುದಿತ್ತು. ನಾನೇ ಕನಿಕರಪಟ್ಟು ನೀರು ಸುರಿದು ಕೊಳೆಸಬಹುದಿತ್ತು. ಎದುರು ಮನೆಯ ಅಕ್ಕ, ತಂಗಿಯ ಮೊಣಕಾಲಿನ ಆಪರೇಷನ್ನಿಗೆಂದು ಹರಿಹರಕ್ಕೆ ಹೋಗುವಾಗ ತಮ್ಮ ಸಕ್ಯುಲೆಂಟ್ ಗಿಡಗಳನ್ನು ನನಗೆ ಒಪ್ಪಿಸಿದ್ದರು.

ಅವರದು ಕುಕ್ಕುವಾಡದ ಕಡೆ ಭತ್ತ ಬೆಳೆಯುವ ಮನೆತನ. ದಾವಣಗೆರೆಯ ಬಾಡಿಗೆ ಮನೆಯ ಕಿಟಕಿಯೊಳಗೆ, ಹಿಡಿ ಮುರಿದ ಟೀ ಕಪ್ಪುಗಳಲ್ಲಿ, ಅವರು ಬೆಳೆಸುತ್ತಿದ್ದದ್ದು ನೀರೆಂದರಾಗದ ಈ ಗಿಡಗಳನ್ನು. ದಪ್ಪ ಎಲೆಯನ್ನು ಎರಡು ಬೆರಳಲ್ಲಿ ಒತ್ತಿ, ಸಂತೆಯಲ್ಲಿ ಬದನೆಕಾಯಿ ಆರಿಸುವವರಂತೆ ತಲೆಯಾಡಿಸುತ್ತಿದ್ದರು. ಯಾರು ಏನು ಕೇಳಿದರೂ ಒಂದೇ ಮಾತು: "ಸುಮ್ನೆ ಬಿಡ್ರಿ, ಅದರ ಪಾಡಿಗೆ ಅದು ಇರ್ತೈತೆ."

ನಾನು ಸುಮ್ಮನೆ ಬಿಡುವ ಜಾತಿಯಲ್ಲ. ದಿನಾ ಫೋನು ಮಾಡುತ್ತಿದ್ದೆ.

"ಅಕ್ಕಾ, ಎಲೆ ಸುಕ್ಕುಗಟ್ಟೈತ್ರಿ!"

"ನಿಮ್ಮ ಹಣಿಗಿಂತ ಜಾಸ್ತಿ ಏನ್ರಿ? ಸುಮ್ನೆ ಬಿಡ್ರಿ."

ತಿಂಗಳಾದ ಮೇಲೆ ಅಕ್ಕ ಗಿಡ ಒಯ್ಯಲು ನಮ್ಮ ಮನೆಗೆ ಬಂದರು. ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕಲ್ಲ, ಚೆಂಬು ತುಂಬಿ ಕೊಟ್ಟೆ. ಅದನ್ನು ಹಿಡಿದುಕೊಂಡೇ ಒಂದೊಂದು ಗಿಡದ ಎಲೆಯನ್ನೂ ಒತ್ತಿ ನೋಡಿದರು.

"ಭೇಷ್ ನೋಡ್ಕಂಡೀರಿ. ಒಂದೂ ಹೋಗಿಲ್ಲ."

ಆ ಇಡೀ ತಿಂಗಳಲ್ಲಿ ಮೊದಲ ಸಲ ನಾನು ಸರಿಯಾಗಿ ಉಸಿರಾಡಿದೆ. ಅಕ್ಕ ತಂಗಿಯ ಮೊಣಕಾಲಿನ ಕಥೆ ಹೇಳುತ್ತ ನೀರು ಕುಡಿದರು. ಕುಡಿದುಳಿದ ನೀರನ್ನು ಬಚ್ಚಲಿಗೆ ಚೆಲ್ಲದೆ ಗಿಡಕ್ಕೆ ಹಾಕುವುದು ನಮ್ಮ ಕಡೆಯ ಎಲ್ಲರ ರೂಢಿ. ಕಥೆ ನಿಲ್ಲಿಸದೆ ಅವರು ಚೆಂಬಿನಲ್ಲಿ ಉಳಿದದ್ದನ್ನು ಪಕ್ಕದ ಗಿಡದ ಕಪ್ಪಿಗೆ ಸುರಿದರು. ತಳದಲ್ಲಿ ತೂತಿಲ್ಲದ ಟೀ ಕಪ್ಪು, ಅಂಚಿನವರೆಗೂ ತುಂಬಿತು.

"ಅಯ್ಯ, ಕೈ ತಾನಾಗೇ ಹೋತಲ್ರಿ!" ಎಂದರು.

ವಾರದೊಳಗೆ ಆ ಒಂದು ಗಿಡ ಮಾತ್ರ ಕೊಳೆಯಿತು.